ಅಕಿಹಬಾರದ ಆಟದಂಗಡಿಗಳು

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ದೇವಾಲಯಗಳನ್ನೂ ಅರಮನೆಗಳನ್ನೂ ಪರ್ವತಗಳನ್ನೂ ವರ್ಣಿಸುವುದು ವಾಡಿಕೆ. ೨೦೨೫ನೆಯ ಇಸವಿಯ ಅಕ್ಟೋಬರಿನಲ್ಲಿ ಜಪಾನಿಗೆ ಹೋಗಿದ್ದಾಗ ನಾವು ಅವುಗಳನ್ನು ನೋಡದೆ ಬರಲಿಲ್ಲ. ಆದರೆ ಊರಿಗೆ ಹಿಂದಿರುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ಸುಳಿಯುತ್ತಿರುವುದು ದೇವಾಲಯವೂ ಅಲ್ಲ, ಪರ್ವತವೂ ಅಲ್ಲ. ವಿಡಿಯೋ ಗೇಮುಗಳನ್ನು ಮಾರುವ ಒಂದು ಪೇಟೆ. ಅರವತ್ತು ದಾಟಿದ ಉಪಾಧ್ಯಾಯರಿಗೆ ಆಟದ ಅಂಗಡಿಯಲ್ಲಿ ಏನು ಕೆಲಸವೆಂದು ವಾಚಕರು ನಗಬಹುದು. ಕೆಲಸವಿತ್ತು, ಅದು ಮೂವತ್ತು ವರ್ಷ ಹಳೆಯ ಕೆಲಸವೆಂಬುದು ಮಾತ್ರ ಅಲ್ಲಿಗೆ ಹೋಗುವವರೆಗೂ ನಮಗೇ ತಿಳಿದಿರಲಿಲ್ಲ.

ನಮ್ಮ ಮಗಳೂ ಅಳಿಯಂದಿರೂ ಟೋಕಿಯೋ ನಗರದ ಪೂರ್ವಭಾಗದಲ್ಲಿರುವ ನಿಷಿ ಕಸಾಯ್ ಎಂಬ ಬಡಾವಣೆಯಲ್ಲಿ ವಾಸವಾಗಿದ್ದಾರೆ. ಅಲ್ಲಿ ನಮ್ಮ ದೇಶದವರ ಸಂಸಾರಗಳು ಬಹಳ. ತೊಗರಿಬೇಳೆಗೂ ಹುಣಿಸೆಹಣ್ಣಿಗೂ ಪರದಾಡಬೇಕಾಗಿಲ್ಲ. ನಾವು ಹೋದ ವಾರದಲ್ಲೇ ಮೊಮ್ಮಗನಿಗೆ ಹನ್ನೊಂದು ವರ್ಷ ತುಂಬುವುದಿತ್ತು. ಏನು ಕೊಡಿಸಲೆಂದು ಕೇಳಿದಾಗ ಅವನು, "ತಾತ, ಮೂಲೆಯ ಅಂಗಡಿಯಲ್ಲಿ ಒಂದು ಕಾರ್ಡು ತೆಗೆದುಕೊಡಿ, ಸಾಕು. ಅದರ ನಂಬರು ಹಾಕಿದರೆ ಆಟ ತಾನೇ ಬರುತ್ತದೆ" ಎಂದನು. ಅವನೊಡನೆ ಹೋಗಿ ನೋಡಿದೆವು. ಹಾಲು, ಬ್ರೆಡ್ಡು, ಕೊಡೆ ಮುಂತಾದುವುಗಳನ್ನು ಮಾರುವ ಅಂಗಡಿಯಲ್ಲಿ ಗೋಡೆಯ ತುಂಬ ಕಾರ್ಡುಗಳನ್ನು ತೂಗುಹಾಕಿದ್ದರು. ಹಣ ಕೊಟ್ಟು ಒಂದನ್ನು ತಂದು, ಹಿಂಬದಿಯಲ್ಲಿ ಅಡಗಿರುವ ಸಂಖ್ಯೆಯನ್ನು ಯಂತ್ರದಲ್ಲಿ ಬರೆದರೆ ಅಷ್ಟು ಹಣ ಲೆಕ್ಕಕ್ಕೆ ಜಮೆಯಾಗುತ್ತದೆ. ಬಳಿಕ ಕಾರ್ಡು ಕಸದ ಬುಟ್ಟಿಗೆ.

ನಮ್ಮ ಮನೆಯವರಿಗೆ ಇದು ಸರಿಬೀಳಲಿಲ್ಲ. "ಹುಟ್ಟಿದ ಹಬ್ಬದ ದಿನ ಮಗುವಿನ ಕೈಗೆ ಒಂದು ನಂಬರು ಕೊಡುವುದೆ? ಕೈಯಲ್ಲಿ ಹಿಡಿಯುವಂಥ, ಇದು ನಮ್ಮ ಅಜ್ಜಿ ಕೊಟ್ಟದ್ದು ಎಂದು ನಾಲ್ಕು ಜನಕ್ಕೆ ತೋರಿಸುವಂಥ ಪದಾರ್ಥ ಬೇಡವೆ?" ಎಂದರು. ಮಗಳು ನಕ್ಕು, "ಹಾಗಾದರೆ ಅಮ್ಮ, ಅಕಿಹಬಾರಕ್ಕೆ ಹೋಗೋಣ. ಹಿಡಿಯುವುದಕ್ಕೆ ಎರಡು ಕೈ ಸಾಲದಷ್ಟು ಪದಾರ್ಥ ಅಲ್ಲಿವೆ" ಎಂದಳು.

ಮುಂದಿನ ಭಾನುವಾರ ಊಟ ಮುಗಿಸಿ ಹೊರಟೆವು. ಅಳಿಯಂದಿರ ಕಚೇರಿಯಲ್ಲಿ ಜೊತೆಗಾರರಾಗಿರುವ, ಸುಮಾರು ಐವತ್ತು ವರ್ಷ ವಯಸ್ಸಿನ ಜಪಾನೀ ಮಹನೀಯರೊಬ್ಬರು ನಮಗೆ ಪೇಟೆಯನ್ನು ತೋರಿಸಲು ತಾವಾಗಿಯೇ ಒಪ್ಪಿದ್ದರು. ನಿಷಿ ಕಸಾಯಿಯಲ್ಲಿ ತೊಜಾಯ್ ಮಾರ್ಗದ ರೈಲನ್ನು ಹತ್ತಿ, ಕಯಾಬಚೊ ನಿಲ್ದಾಣದಲ್ಲಿ ಇಳಿದು ಹಿಬಿಯಾ ಮಾರ್ಗದ ಬಂಡಿಯನ್ನು ಹಿಡಿದರೆ, ಅಲ್ಲಿಂದ ಮೂರನೆಯ ನಿಲ್ದಾಣವೇ ಅಕಿಹಬಾರ. ಬಂಡಿಯಲ್ಲಿ ಜನ ಕಿಕ್ಕಿರಿದಿದ್ದರೂ ಸದ್ದೆಂಬುದಿಲ್ಲ. ಬಹುಮಂದಿಯ ದೃಷ್ಟಿ ಅಂಗೈಯ ಫೋನಿನಲ್ಲಿ ನಟ್ಟಿತ್ತು. ನಮ್ಮೆದುರಿಗೆ ಕುಳಿತಿದ್ದ, ಕೋಟು ತೊಟ್ಟ ಗೃಹಸ್ಥರೊಬ್ಬರು ಬಹಳ ಗಂಭೀರವಾದ ಮುಖದಿಂದ ಬೆರಳಾಡಿಸುತ್ತಿದ್ದುದನ್ನು ಕಂಡು, ಯಾವುದೋ ಕಚೇರಿಯ ಲೆಕ್ಕಪತ್ರವಿರಬೇಕೆಂದು ನಾವು ತಿಳಿದೆವು. ಮೊಮ್ಮಗನು ಬಗ್ಗಿ ನೋಡಿ, "ತಾತ, ಅವರು ಬಣ್ಣದ ಗುಂಡು ಜೋಡಿಸುತ್ತಿದ್ದಾರೆ" ಎಂದು ಕಿವಿಯಲ್ಲಿ ಹೇಳಿದನು.

ಅಕಿಹಬಾರಕ್ಕೆ ಆ ಹೆಸರು ಬಂದುದು ಒಂದು ಬೆಂಕಿಯ ದೆಸೆಯಿಂದ. ೧೮೬೯ರಲ್ಲಿ ಆ ಕೇರಿಗಳು ಸುಟ್ಟುಹೋದ ತರುವಾಯ, ಮತ್ತೆ ಉರಿ ಹರಡದಿರಲೆಂದು ಸರ್ಕಾರದವರು ಒಂದಷ್ಟು ಸ್ಥಳವನ್ನು ಬಯಲಾಗಿ ಬಿಟ್ಟು, ಮರುವರ್ಷ ಅಲ್ಲೊಂದು ಅಗ್ನಿಶಮನದ ಗುಡಿಯನ್ನು ಕಟ್ಟಿಸಿದರು. ಬೆಂಕಿಯಿಂದ ಕಾಪಾಡುವ ಅಕಿಬಾ ದೇವತೆಯೇ ಅಲ್ಲಿ ನೆಲಸಿದ್ದಾನೆಂದು ಭಾವಿಸಿದ ಜನರು ಅದನ್ನು ಅಕಿಬಾ ಬಯಲು ಎಂದು ಕರೆದರು. ೧೮೯೦ರಲ್ಲಿ ಅಲ್ಲಿಗೆ ಸಾಮಾನು ಸಾಗಿಸುವ ರೈಲು ಬಂತು. ಎರಡನೆಯ ಮಹಾಯುದ್ಧ ಮುಗಿದಾಗ, ಕೆಲಸವಿಲ್ಲದೆ ಇದ್ದವರು ರೇಡಿಯೋ ವಾಲ್ವುಗಳನ್ನೂ ತಂತಿಗಳನ್ನೂ ಬೀದಿಯಲ್ಲಿ ಹರಡಿಕೊಂಡು ಮಾರತೊಡಗಿದರು. ಬೀದಿಯಂಗಡಿಗಳನ್ನು ತೆಗೆಯಿಸಬೇಕೆಂದು ೧೯೪೯ರಲ್ಲಿ ಆಜ್ಞೆಯಾದಾಗ ಅವರಲ್ಲಿ ಅನೇಕರು ರೈಲು ಸೇತುವೆಯ ಕಮಾನುಗಳ ಕೆಳಗೆ ಸೇರಿಕೊಂಡರು. ಅಂಥ ಗೂಡಂಗಡಿಗಳು ಈಗಲೂ ಉಂಟು. ಒಂದೊಂದೂ ನಮ್ಮ ದೇವರ ಮನೆಯಷ್ಟಗಲ. ಮುಂದೆ ಸಂಸಾರಸ್ಥರಿಗೆ ಬಟ್ಟೆ ಒಗೆಯುವ ಯಂತ್ರ, ಟೆಲಿವಿಷನ್, ರೆಫ್ರಿಜಿರೇಟರುಗಳು ಬೇಕಾದಾಗ ಪೇಟೆಯು ಅವನ್ನು ಮಾರಿತು, ಕಂಪ್ಯೂಟರು ಬೇಕಾದಾಗ ಕಂಪ್ಯೂಟರನ್ನು, ಆಮೇಲೆ ಆಟಗಳನ್ನು. ಬೆಂಗಳೂರಿನ ಎಸ್. ಪಿ. ರಸ್ತೆಯನ್ನು ಬಲ್ಲ ವಾಚಕರು ಅದನ್ನು ಹತ್ತು ಮಡಿ ಹಿಗ್ಗಿಸಿ, ಕಸವನ್ನು ಗುಡಿಸಿ, ಎಂಟೆಂಟು ಉಪ್ಪರಿಗೆಗಳನ್ನು ಏರಿಸಿ ಊಹಿಸಿಕೊಳ್ಳಬಹುದು.

ಭಾನುವಾರ ಮಧ್ಯಾಹ್ನ ಅಲ್ಲಿಯ ಮುಖ್ಯ ಬೀದಿಯಾದ ಚುವೊ ರಸ್ತೆಯಲ್ಲಿ ವಾಹನಗಳ ಸಂಚಾರವನ್ನು ನಿಲ್ಲಿಸಿ ಜನರಿಗೆ ಬಿಟ್ಟುಕೊಡುತ್ತಾರೆ. ನಡುಬೀದಿಯಲ್ಲಿ ನಿರ್ಭಯವಾಗಿ ನಡೆಯುತ್ತ ನಾವು ಮೊದಲು ಹೊಕ್ಕುದು ಒಂದು ಆಟದ ಮಂದಿರವನ್ನು. ನಾಣ್ಯ ಹಾಕಿ ಆಡುವ ಯಂತ್ರಗಳ ಮಂದಿರವದು. ಕೆಳಗಿನ ಅಂತಸ್ತಿನಲ್ಲೆಲ್ಲ ಗಾಜಿನ ಪೆಟ್ಟಿಗೆಗಳು. ಒಳಗೆ ಗೊಂಬೆಗಳ ರಾಶಿ. ಮೇಲಿಂದ ಇಳಿಯುವ ಒಂದು ಲೋಹದ ಕೊಕ್ಕಿನಿಂದ ಗೊಂಬೆಯನ್ನು ಎತ್ತಬೇಕು. ನಮ್ಮ ಮನೆಯವರು ನೂರು ಯೆನ್ನಿನ ಮೂರು ನಾಣ್ಯಗಳನ್ನು ಕಳೆದುಕೊಂಡು, "ಇದು ಎತ್ತುವ ಕೊಕ್ಕಲ್ಲ, ಬಿಡುವ ಕೊಕ್ಕು" ಎಂದು ತೀರ್ಪು ಕೊಟ್ಟರು. ಮೇಲಿನ ಅಂತಸ್ತಿಗೆ ಹೋದ ಮೇಲೆಯೇ ನಿಜವಾದ ವಿಡಿಯೋ ಆಟಗಳು ಕಂಡುವು.

ನಮ್ಮ ಜಪಾನೀ ಮಿತ್ರರು ಅಲ್ಲಿ ನಿಂತು ಹೇಳಿದ ಸಂಗತಿಗಳು ಸ್ವಾರಸ್ಯವಾಗಿದ್ದುವು. ೧೯೭೮ರಲ್ಲಿ ತೈತೋ ಸಂಸ್ಥೆಯವರು ಆಕಾಶದಿಂದ ಸಾಲುಗಟ್ಟಿ ಇಳಿಯುವ ಶತ್ರುಗಳನ್ನು ಹೊಡೆದುರುಳಿಸುವ ಸ್ಪೇಸ್ ಇನ್‌ವೇಡರ್ಸ್ ಎಂಬ ಆಟವನ್ನು ಹೊರತಂದಾಗ, ದೇಶವೆಲ್ಲ ಅದಕ್ಕೆ ಮರುಳಾಯಿತು. ಕಾಫಿಯಂಗಡಿಗಳವರು ಮೇಜುಗಳನ್ನು ತೆಗೆದು, ಗಾಜಿನ ಕೆಳಗೆ ಆಟವಿರುವ ಮೇಜುಗಳನ್ನು ಹಾಕಿಸಿದರು. ಕಾಫಿಯ ಬಟ್ಟಲು ಮೇಲೆ, ಯುದ್ಧ ಕೆಳಗೆ. ಆಗ ಆಟವನ್ನು ಕೊಳ್ಳುವ ಮಾತೇ ಇರಲಿಲ್ಲ. ನೂರು ಯೆನ್ ಕೊಟ್ಟರೆ ಒಂದು ಸರದಿ. ಸೋತರೆ ಎದ್ದು ಸ್ಥಳ ಬಿಡಬೇಕು. ಆದರೆ ಚೆನ್ನಾಗಿ ಆಡುವವನ ಬೆನ್ನ ಹಿಂದೆ ಹತ್ತು ಜನ ನಿಂತಿರುತ್ತಿದ್ದರು. ಕಾಸಿಲ್ಲದವನೂ ನೋಡಿ ಕಲಿಯುತ್ತಿದ್ದನು. ೧೯೮೬ರ ವೇಳೆಗೆ ಜಪಾನಿನಲ್ಲಿ ಇಂಥ ಮಂದಿರಗಳು ೨೬,೦೦೦ಕ್ಕಿಂತ ಹೆಚ್ಚಾಗಿದ್ದುವು. ೨೦೧೯ರ ವೇಳೆಗೆ ಉಳಿದುವು ಸುಮಾರು ೪,೦೦೦. ಇದೇ ಅಕಿಹಬಾರದಲ್ಲಿ ಹದಿನೇಳು ವರ್ಷ ನಡೆದಿದ್ದ ಸೇಗಾ ಸಂಸ್ಥೆಯ ಎರಡನೆಯ ಕಟ್ಟಡವು ೨೦೨೦ನೆಯ ಆಗಸ್ಟ್ ೩೦ರಂದು ಬಾಗಿಲು ಹಾಕಿತು. ಸಾಂಕ್ರಾಮಿಕದ ಕಾಲದಲ್ಲಿ ಬಿದ್ದ ಪೆಟ್ಟಿನಿಂದ ಚೇತರಿಸಿಕೊಳ್ಳಲಾರದೆ ಆ ಸಂಸ್ಥೆಯವರು ೨೦೨೨ರಲ್ಲಿ ಈ ವ್ಯಾಪಾರದ ಕೊನೆಯ ಪಾಲನ್ನೂ ಮಾರಿಬಿಟ್ಟರು. ಈಗ ಉಳಿದ ಮಂದಿರಗಳನ್ನು ನಡೆಸುವುದು ಬಹುಮಟ್ಟಿಗೆ ಆ ಗೊಂಬೆಯ ಕೊಕ್ಕುಗಳೇ.

ಅಲ್ಲಿಂದ ಇಳಿದು ಒಂದು ಅಡ್ಡಬೀದಿಗೆ ತಿರುಗಿ, ಹಳೆಯ ಆಟಗಳಿಗೆ ಹೆಸರಾದ ಸೂಪರ್ ಪೊಟೇಟೊ ಎಂಬ ಅಂಗಡಿಗೆ ಹೋದೆವು. ಆಲೂಗೆಡ್ಡೆಗೂ ಆಟಕ್ಕೂ ಏನು ಸಂಬಂಧವೋ! ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ ಮೂರನೆಯ ಅಂತಸ್ತನ್ನು ಸೇರುವಷ್ಟರಲ್ಲಿ ನಮ್ಮ ಮಂಡಿಗಳು ಮಾತಾಡತೊಡಗಿದುವು. ಆದರೆ ಒಳಗೆ ಕಾಲಿಟ್ಟೊಡನೆ ಮಂಡಿಯ ನೆನಪು ಹೋಯಿತು. ನೆಲದಿಂದ ಸೂರಿನವರೆಗೆ ಬಣ್ಣಬಣ್ಣದ ಪ್ಲಾಸ್ಟಿಕ್ಕಿನ ಚೌಕಗಳು. ಕೆಂಪು, ಹಳದಿ, ನೀಲಿ. ಹಿಂದೆ ನಮ್ಮೂರಿನ ಅಂಗಡಿಗಳಲ್ಲಿ ಬಳಪ, ಪೆಪ್ಪರಮಿಂಟುಗಳ ಸೀಸೆಗಳನ್ನು ಜೋಡಿಸಿಟ್ಟಂತೆ. "ಇವೇ ಕಸೆತ್ತೊ" ಎಂದರು ಮಿತ್ರರು. ಹಾಡಿನ ಕ್ಯಾಸೆಟ್ಟುಗಳಿಗೆ ಹೇಳುವ ಮಾತನ್ನೇ ಜಪಾನೀಯರು ಆಟದ ಪೆಟ್ಟಿಗೆಗೂ ಹೇಳುತ್ತಾರೆ. ನಮ್ಮಲ್ಲಿಯೂ ಮಕ್ಕಳು ಕ್ಯಾಸೆಟ್ಟೆಂದೇ ಅನ್ನುತ್ತಿದ್ದರಷ್ಟೆ!

ಇದು ಆಕಸ್ಮಿಕವಲ್ಲ. ನಿಂಟೆಂಡೋ ಸಂಸ್ಥೆಯವರು ೧೯೮೩ನೆಯ ಜುಲೈ ೧೫ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ೧೪,೮೦೦ ಯೆನ್ನಿಗೆ ಮಾರಾಟಕ್ಕೆ ತಂದರು. ಸಂಸಾರದ ಕಂಪ್ಯೂಟರ್ ಎಂಬುದು ಆ ಹೆಸರಿನ ಅರ್ಥ. ಜಪಾನಿನಲ್ಲೇ ಅಂಥವು ಒಂದು ಕೋಟಿ ತೊಂಬತ್ತು ಲಕ್ಷಕ್ಕಿಂತ ಹೆಚ್ಚಾಗಿ ಮಾರಾಟವಾದುವು. ಅದನ್ನು ನೋಡಿ ಅನುಮತಿಯಿಲ್ಲದೆ ಮಾಡಿದ ಅಗ್ಗದ ನಕಲುಗಳು ತೊಂಬತ್ತರ ದಶಕದಲ್ಲಿ ನಮ್ಮ ನಾಡಿನ ಪೇಟೆಗಳನ್ನು ತುಂಬಿದ್ದುವು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಅಚ್ಚು ಹಾಕಿದ್ದರೂ ಒಳಗೆ ಬೆರಳೆಣಿಕೆಯಷ್ಟೇ. ಅವೇ ಮತ್ತೆ ಮತ್ತೆ ಬೇರೆ ಹೆಸರಿನಿಂದ ಬರುತ್ತಿದ್ದುವು. ಕ್ಯಾಸೆಟ್ಟು ಹಟಮಾಡಿದಾಗ ತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸುವ ವಿದ್ಯೆಯನ್ನು ನಮ್ಮ ಮಕ್ಕಳು ಎಲ್ಲಿ ಕಲಿತರೋ. ಜಪಾನಿನ ಮಕ್ಕಳೂ ಹಾಗೆಯೇ ಊದುತ್ತಿದ್ದರೆಂದು ಮಿತ್ರರು ಅಭಿನಯಿಸಿ ತೋರಿಸಿದರು.

ಆಟವು ಬೀದಿಯಿಂದ ಮನೆಗೆ ಬಂದಾಗ ಕೊಳ್ಳುವ ರೀತಿಯೂ ಆಡುವ ರೀತಿಯೂ ಒಟ್ಟಿಗೆ ಬದಲಾದುವು. ಸರದಿಗೆ ನೂರು ಯೆನ್ ಹೋಗಿ, ಒಂದು ಆಟಕ್ಕೆ ನಾಲ್ಕೈದು ಸಾವಿರ ಯೆನ್ ಆಯಿತು. ವರ್ಷಕ್ಕೆರಡು ಆಟ ಕೊಂಡರೆ ಹೆಚ್ಚು. ಆದಕಾರಣ ಕೊಂಡುದನ್ನು ತಿಂಗಳುಗಟ್ಟಲೆ ಆಡುತ್ತಿದ್ದರು. ೧೯೮೬ರಲ್ಲಿ ಹೊರಟ ಡ್ರ್ಯಾಗನ್ ಕ್ವೆಸ್ಟ್ ಎಂಬ ಕಥಾರೂಪದ ಆಟದಲ್ಲಿ, ಅಂದಿನ ಆಟವನ್ನು ನಿಲ್ಲಿಸಿ ನಾಳೆ ಮುಂದುವರಿಸಬೇಕಾದರೆ ಇಪ್ಪತ್ತು ಅಕ್ಷರಗಳ ಒಂದು ಮಂತ್ರವನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ಮರುವರ್ಷದ ಎರಡನೆಯ ಭಾಗದಲ್ಲಿ ಅದು ಐವತ್ತೆರಡು ಅಕ್ಷರಗಳವರೆಗೂ ಬೆಳೆಯಿತು. ಒಂದು ಅಕ್ಷರ ತಪ್ಪಿದರೆ ತಿಂಗಳ ಶ್ರಮ ಮಣ್ಣುಪಾಲು. "ನಮ್ಮ ತಾಯಿ ಓದಿ ಹೇಳುವರು, ನಾನು ಬರೆದುಕೊಳ್ಳುವೆ. ಆಟವೇನೆಂದು ಆಕೆಗೆ ತಿಳಿಯದು, ಆದರೂ ಒಂದಕ್ಷರ ತಪ್ಪಿದವರಲ್ಲ" ಎಂದು ಮಿತ್ರರು ಹೇಳುವಾಗ ಅವರ ದನಿ ಮೃದುವಾಯಿತು.

ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದ ನಮ್ಮ ಮನೆಯವರು ಒಂದರ ಬೆನ್ನನ್ನು ತೋರಿಸಿ, "ಇದೇನು ಬರೆದಿದೆ?" ಎಂದು ಕೇಳಿದರು. ಕಪ್ಪು ಮಸಿಯಲ್ಲಿ, ಸೊಟ್ಟಸೊಟ್ಟಾಗಿ, ಮಗುವಿನ ಕೈಬರಹ. ಅದು ಹಿಂದಿನ ಒಡೆಯನ ಹೆಸರು. ಸ್ನೇಹಿತರಿಗೆ ಎರವಲು ಕೊಟ್ಟಾಗ ಕಳೆದುಹೋಗದಿರಲೆಂದು ಮಕ್ಕಳು ಹೆಸರು ಬರೆಯುತ್ತಿದ್ದರಂತೆ. ಹಾಗೆ ಬರೆದವುಗಳ ಬೆಲೆ ಸ್ವಲ್ಪ ಕಡಮೆ. "ಯಾವ ತಾಯಿಯ ಮಗನೋ! ಈಗ ಅವನಿಗೆ ತಲೆ ನರೆತಿರಬೇಕು" ಎಂದು ಹೇಳಿ ಅವರು ಅದನ್ನು ಸ್ವಸ್ಥಾನದಲ್ಲಿಟ್ಟರು. ಆಗ ಮಗಳು ಮೆಲ್ಲನೆ, "ಅಪ್ಪ, ನಿಮ್ಮ ಟ್ರಂಕಿನಲ್ಲಿದ್ದ ಕ್ಯಾಸೆಟ್ಟಿನ ಮೇಲೂ ಹೀಗೆಯೇ ಬರೆದಿತ್ತು, ಜ್ಞಾಪಕವಿದೆಯೆ?" ಎಂದಳು.

ಜ್ಞಾಪಕವಿತ್ತು. ೧೯೯೫ರಲ್ಲಿ ನಾವು ಮೈಸೂರಿನಲ್ಲಿದ್ದೆವು. ಮಕ್ಕಳ ಕಾಟ ತಡೆಯಲಾರದೆ ಟಿ. ವಿ.ಗೆ ಜೋಡಿಸುವ ಅಂಥದೊಂದು ನಕಲು ಯಂತ್ರವನ್ನು ಕೊಂಡು ತಂದಿದ್ದೆವು. ಒಂದು ಕ್ಯಾಸೆಟ್ಟಿಗೆ ಮೇಲೆ ಎರಡನೆಯದನ್ನು ಕೊಡಿಸುವ ಶಕ್ತಿ ಉಪಾಧ್ಯಾಯರ ಸಂಬಳಕ್ಕಿರಲಿಲ್ಲ. ಬೀದಿಯಲ್ಲಿ ಇತರರ ಸ್ಥಿತಿಯೂ ಹಾಗೆಯೇ. ಆದುದರಿಂದ ನಾಲ್ಕು ಮನೆಯ ಕ್ಯಾಸೆಟ್ಟುಗಳು ನಾಲ್ಕು ಮನೆಗೂ ಸುತ್ತುತ್ತಿದ್ದುವು. ನಮ್ಮ ಮಗನು ಆಗ ಏಳನೆಯ ತರಗತಿ. ಪರೀಕ್ಷೆಗೆ ಮೂರು ವಾರವಿರುವಾಗ ಒಂದು ಸಂಜೆ ಅವನು ಆಟದಲ್ಲಿ ಮೈಮರೆತಿದ್ದುದನ್ನು ಕಂಡು, ಸಿಟ್ಟಿನಿಂದ ಕ್ಯಾಸೆಟ್ಟನ್ನು ಕಿತ್ತು ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಬಲಿದೆವು. "ಅಪ್ಪ, ಅದು ನಮ್ಮದಲ್ಲ, ಪಕ್ಕದ ಮನೆಯದು. ನಾಳೆ ಕೊಡಬೇಕು" ಎಂದು ಅವನು ಅತ್ತನು. ಪರೀಕ್ಷೆಯಾದ ಮೇಲೆ ನೋಡೋಣವೆಂದೆವು. ಪಕ್ಕದ ಮನೆಯ ಹುಡುಗನು ಎರಡು ಸಲ ಬಂದು ಗೇಟಿನ ಬಳಿ ನಿಂತನು. ನಿನಗೂ ಪರೀಕ್ಷೆಯಿದೆ, ಹೋಗಿ ಓದಿಕೊ ಎಂದು ಬುದ್ಧಿ ಹೇಳಿ ಕಳುಹಿಸಿದೆವು. ಪರೀಕ್ಷೆ ಮುಗಿದ ವಾರವೇ ಅವರ ತಂದೆಗೆ ವರ್ಗವಾಯಿತು. ಕ್ಯಾಸೆಟ್ಟು ಟ್ರಂಕಿನಲ್ಲೇ ಉಳಿಯಿತು.

"ಅಣ್ಣ ಅಂದಿನಿಂದ ಯಾರ ಮನೆಯಿಂದಲೂ ಏನನ್ನೂ ಕೇಳಿ ತರಲಿಲ್ಲ" ಎಂದಳು ಮಗಳು. "ಅವನಿಗೆ ಯಾರೂ ಕೊಡಲೂ ಇಲ್ಲ. ತಂದದ್ದನ್ನು ಹಿಂದಕ್ಕೆ ಕೊಡುವುದಿಲ್ಲವೆಂದು ಬೀದಿಯಲ್ಲಿ ಹೆಸರಾಗಿತ್ತು."

ಮೂವತ್ತು ವರ್ಷಗಳಲ್ಲಿ ಈ ಮಾತನ್ನು ನಾವು ಕೇಳಿದುದು ಅದೇ ಮೊದಲು. ಮಕ್ಕಳ ಆಟವೆಂದರೆ ಕಾಲಹರಣವೆಂದೂ, ಕಿತ್ತಿಟ್ಟುದರಿಂದ ಒಳ್ಳೆಯದನ್ನೇ ಮಾಡಿದೆವೆಂದೂ ನಾವು ತಿಳಿದಿದ್ದೆವು. ನಾವು ಕಿತ್ತುಕೊಂಡದ್ದು ಆಟವನ್ನಲ್ಲ, ಒಬ್ಬ ಹುಡುಗನ ಮಾತಿನ ಬೆಲೆಯನ್ನು. ಅಂಗಡಿಯ ಮೆಟ್ಟಿಲುಗಳನ್ನು ಇಳಿಯುವಾಗ ನಾವು ಹೆಚ್ಚು ಮಾತನಾಡಲಿಲ್ಲ.

ಒಂದು ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯುವಾಗ ಮಿತ್ರರು ಮಿಕ್ಕ ಕಥೆಯನ್ನು ಮುಂದುವರಿಸಿದರು. ೧೯೮೮ನೆಯ ಫೆಬ್ರವರಿ ೧೦ರಂದು, ಬುಧವಾರ, ಡ್ರ್ಯಾಗನ್ ಕ್ವೆಸ್ಟಿನ ಮೂರನೆಯ ಭಾಗ ಬಿಡುಗಡೆಯಾದಾಗ ಜನರು ಹಿಂದಿನ ರಾತ್ರಿಯಿಂದಲೇ ಅಂಗಡಿಗಳ ಮುಂದೆ ಸಾಲು ನಿಂತರು. ಶಾಲೆ ತಪ್ಪಿಸಿ ಬಂದ ನೂರಾರು ಹುಡುಗರನ್ನು ಪೋಲೀಸರು ಹಿಡಿದು ಬುದ್ಧಿ ಹೇಳಿದರು. ಎರಡು ವರ್ಷದ ಮೇಲೆ ನಾಲ್ಕನೆಯ ಭಾಗ ಬಂದಾಗ, ಯಾರಿಗೂ ಬೇಡದ ಹಳೆಯ ಆಟಗಳನ್ನು ಅದರ ಜೊತೆಗೆ ಕಟ್ಟಿ ಮಾರುವ ದುರಾಚಾರ ಹಬ್ಬಿ, ೧೯೯೨ರಲ್ಲಿ ಸರ್ಕಾರದ ವಾಣಿಜ್ಯ ಆಯೋಗದವರು ಅದು ನ್ಯಾಯವಲ್ಲವೆಂದು ವಿಧಿಸಬೇಕಾಯಿತು. ಸಕ್ಕರೆ ಬೇಕಾದರೆ ಸಾಬೂನನ್ನೂ ಕೊಳ್ಳೆಂದು ಹೇಳುವ ಅಂಗಡಿಯವರು ಎಲ್ಲ ದೇಶದಲ್ಲಿಯೂ ಇದ್ದಾರೆ.

ಅದೇ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ೧೯೮೬ರಲ್ಲಿ ನಿಂಟೆಂಡೋದವರು ಹಳದಿ ಬಣ್ಣದ ಒಂದು ತಟ್ಟೆಯನ್ನು ತಂದರು. ಅಂಗಡಿಯಲ್ಲಿ ನಿಲ್ಲಿಸಿದ್ದ ಯಂತ್ರಕ್ಕೆ ಅದನ್ನು ಕೊಟ್ಟು ೫೦೦ ಯೆನ್ ತೆತ್ತರೆ, ಸ್ಲೇಟನ್ನು ಒರಸಿ ಬರೆದಂತೆ ಹಳೆಯ ಆಟವನ್ನು ಅಳಿಸಿ ಹೊಸದನ್ನು ಬರೆದುಕೊಡುತ್ತಿದ್ದರು. ಕಡಮೆ ಬೆಲೆಗೆ ಹೊಸ ಆಟ ದೊರೆಯಿತು. ಆದರೆ ಹಳೆಯದು ಉಳಿಯಲಿಲ್ಲ. ಕಸುಬು ಕುಗ್ಗಿದ ಮೇಲೂ ಈ ಬರೆದುಕೊಡುವ ಸೇವೆಯು ೨೦೦೩ರವರೆಗೆ ನಡೆಯಿತೆಂದು ಕೇಳಿ ನಮಗೆ ಆ ಜನರ ನಿಷ್ಠೆಯ ವಿಷಯದಲ್ಲಿ ಗೌರವವುಂಟಾಯಿತು.

ಆಡಿ ಮುಗಿಸಿದುದನ್ನು ಮಾರುವ, ಮಾರಿದ ಹಣಕ್ಕೆ ಒಂದಷ್ಟು ಸೇರಿಸಿ ಮತ್ತೊಂದನ್ನು ಕೊಳ್ಳುವ ಪದ್ಧತಿಯೂ ಬೆಳೆಯಿತು. ಇದರಿಂದ ತಮಗೆ ನಷ್ಟವೆಂದು ಆಟ ತಯಾರಿಸುವವರು ನ್ಯಾಯಾಲಯಕ್ಕೆ ಹೋದರು. ಜಪಾನಿನ ಪರಮೋಚ್ಚ ನ್ಯಾಯಾಲಯವು ೨೦೦೨ನೆಯ ಏಪ್ರಿಲ್ ೨೫ರಂದು, ಒಮ್ಮೆ ನ್ಯಾಯವಾಗಿ ಮಾರಿದ ಮೇಲೆ ಆ ಪದಾರ್ಥದ ಮುಂದಿನ ಮಾರಾಟವನ್ನು ತಡೆಯುವ ಹಕ್ಕು ತಯಾರಿಸಿದವರಿಗಿಲ್ಲವೆಂದು ತೀರ್ಪಿತ್ತಿತು. ಅಕಿಹಬಾರದ ಹಳೆಯ ಆಟದ ಅಂಗಡಿಗಳೆಲ್ಲ ಇಂದು ನಿಂತಿರುವುದು ಆ ತೀರ್ಪಿನ ನೆರಳಿನಲ್ಲಿ.

ಆದರೆ ಆ ತೀರ್ಪು ಪದಾರ್ಥಕ್ಕೆ ಸಂಬಂಧಿಸಿದುದು. ಪದಾರ್ಥವೇ ಇಲ್ಲದಿದ್ದರೆ? ಈಗ ಆಟಗಳಲ್ಲಿ ಬಹುಪಾಲು ತಂತಿಯ ಮೂಲಕವೇ ಮನೆಯ ಯಂತ್ರಕ್ಕೆ ಇಳಿಯುತ್ತವೆ. ಸೋನಿ ಸಂಸ್ಥೆಯವರು ೨೦೨೦ರಲ್ಲಿ ತಂದ ಪ್ಲೇಸ್ಟೇಷನ್ ೫ರ ಒಂದು ಬಗೆಯಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಹಾಗೆ ಇಳಿಸಿಕೊಂಡುದನ್ನು ಮಾರುವಂತಿಲ್ಲ. ನಿಂಟೆಂಡೋದವರು ತಮ್ಮ ಎರಡು ಹಳೆಯ ಯಂತ್ರಗಳ ತಂತಿಯ ಅಂಗಡಿಯನ್ನು ೨೦೨೩ನೆಯ ಮಾರ್ಚಿ ತಿಂಗಳಿನ ಕೊನೆಯಲ್ಲಿ ಮುಚ್ಚಿದಾಗ, ಮೊದಲೇ ಕೊಂಡಿದ್ದವರಿಗೆ ಮತ್ತೆ ಇಳಿಸಿಕೊಳ್ಳುವ ಅವಕಾಶವನ್ನುಳಿಸಿದರಾದರೂ, ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಹೊಸಬರು ಕೊಳ್ಳುವ ದಾರಿ ಮುಚ್ಚಿಹೋಯಿತು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಕೊಡುತ್ತಿರುವುದು ಬರಿಯ ಬಳಕೆಯ ಅನುಮತಿಯಾಗಿದ್ದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ೨೦೨೫ನೆಯ ಜನವರಿಯಿಂದ ಜಾರಿಗೆ ಬಂದಿದೆ. ಕೊಳ್ಳುವುದೆಂಬ ಮಾತಿನ ಅರ್ಥವನ್ನು ಕಾನೂನು ಕಾಯಬೇಕಾಗಿ ಬಂದ ಕಾಲವಿದು.

ಫೋನಿನ ಆಟಗಳ ದಾರಿಯೇ ಬೇರೆ. ಅವಕ್ಕೆ ಬೆಲೆಯಿಲ್ಲ, ಒಳಗೆ ಹೊಕ್ಕ ಮೇಲೆ ಖರ್ಚು. ಅಕಿಹಬಾರದಲ್ಲಿ, ಕಾಸು ಹಾಕಿ ಹಿಡಿಯನ್ನು ತಿರುಗಿಸಿದರೆ ಒಂದು ಗುಂಡು ಡಬ್ಬಿಯೊಳಗೆ ಯಾವುದಾದರೊಂದು ಆಟಿಗೆ ಉದುರುವ ಯಂತ್ರಗಳ ಒಂದು ಅಂಗಡಿಯೇ ಉಂಟು. ತಿರುಗಿಸುವಾಗಿನ ಸದ್ದಿನಿಂದ ಅದಕ್ಕೆ ಗಾಚಾ ಎಂದು ಹೆಸರು. ಫೋನಿನ ಆಟಗಳೂ ಇದೇ ಹೆಸರಿನ, ಇದೇ ತೆರನಾದ ಅದೃಷ್ಟದ ತಿರುಗಣೆಯನ್ನಿಟ್ಟುಕೊಂಡು ಹಣ ಸುಲಿಯತೊಡಗಿದಾಗ, ಬಿಡಿಬಿಡಿಯಾದ ಚಿತ್ರಗಳನ್ನು ಪೂರ್ತಿ ಸೇರಿಸಿದವನಿಗೆ ದೊಡ್ಡ ಬಹುಮಾನವೆಂಬ ಒಂದು ಬಗೆಯನ್ನು ಜಪಾನಿನ ಸರ್ಕಾರದವರು ೨೦೧೨ರಲ್ಲಿ ಕಾನೂನಿಗೆ ವಿರುದ್ಧವೆಂದು ಸಾರಿದರು. ಬೀದಿಯ ಗಾಚಾದಲ್ಲಿ ಕೈಗೊಂದು ಗೊಂಬೆಯಾದರೂ ಬರುತ್ತದೆ. ಈ ವಿಷಯದಲ್ಲಿ ಮನೆಯ ಹಿರಿಯರು ಕಣ್ಣಿಟ್ಟಿರುವುದು ಒಳ್ಳೆಯದು. ನಮ್ಮ ದೇಶದ ಹುಡುಗರೂ ಈಗ ಹೆಚ್ಚಾಗಿ ಆಡುವುದು ಫೋನಿನಲ್ಲಿಯೇ.

ಸಾಲು ನಿಲ್ಲುವುದೂ ಬದಲಾಗಿದೆ. ನಿಂಟೆಂಡೋದ ಹೊಸ ಯಂತ್ರವಾದ ಸ್ವಿಚ್ ೨, ೨೦೨೫ನೆಯ ಜೂನ್ ೫ರಂದು ಜಪಾನಿನಲ್ಲಿ ೪೯,೯೮೦ ಯೆನ್ನಿಗೆ ಬಿಡುಗಡೆಯಾದಾಗ, ಸಂಸ್ಥೆಯ ಸ್ವಂತ ಅಂಗಡಿಯಲ್ಲಿ ಚೀಟಿ ಎತ್ತಿ ಕೊಡುವ ಏರ್ಪಾಡಾಯಿತು. ಹಳೆಯ ಸ್ವಿಚ್ಚಿನಲ್ಲಿ ೫೦ ಗಂಟೆಗೆ ಮೇಲ್ಪಟ್ಟು ಆಡಿದವರು ಮಾತ್ರ ಅರ್ಜಿ ಹಾಕಬಹುದಾಗಿತ್ತು. ಆದರೂ ಬಂದ ಅರ್ಜಿಗಳು ೨೨ ಲಕ್ಷ! "ಹಿಂದೆ ಆಡುವುದಕ್ಕಾಗಿ ಶಾಲೆ ತಪ್ಪಿಸಿದವನನ್ನು ಹಿಡಿದರು; ಈಗ ಆಡಿದ್ದೇನೆಂದು ಲೆಕ್ಕ ತೋರಿಸಿದವನಿಗೆ ಮರ್ಯಾದೆ" ಎಂದು ಮಿತ್ರರು ನಕ್ಕರು.

ಇಷ್ಟು ಕೇಳಿದ ನಮ್ಮ ಮನೆಯವರು, "ಅಂತೂ ಎಲ್ಲವೂ ಹೋಯಿತು ಅನ್ನಿ" ಎಂದು ನಿಟ್ಟುಸಿರಿಟ್ಟರು. ಆಗ ಮೊಮ್ಮಗನೇ ವಾದಕ್ಕೆ ನಿಂತನು. "ಏನೂ ಹೋಗಿಲ್ಲ ಅಜ್ಜಿ. ಭಾನುವಾರ ನಾನು ಮಾವನ ಮನೆಯ ಅಣ್ಣನ ಜೊತೆ ಆಡುವುದಿಲ್ಲವೆ?" ಮೈಸೂರಿನಲ್ಲಿರುವ ನಮ್ಮ ಮಗನ ಮಗನೂ ಇವನೂ ಪ್ರತಿ ಭಾನುವಾರ ಸಮುದ್ರದ ಆಚೆ ಈಚೆ ಕುಳಿತು ಒಂದೇ ಆಟದಲ್ಲಿ ಮನೆ ಕಟ್ಟುತ್ತಾರೆ, ಜಗಳವಾಡುತ್ತಾರೆ, ಕನ್ನಡದಲ್ಲಿ ಬೈದಾಡುತ್ತಾರೆ. ಇವನಿಗೆ ಕನ್ನಡ ಉಳಿದಿರುವುದರಲ್ಲಿ ಆ ಬೈಗುಳದ ಪಾಲೂ ಉಂಟೆಂದು ಮಗಳು ಹೇಳಿದಳು. ಅಲ್ಲದೆ, ತಂತಿಯಲ್ಲಿ ಕೊಂಡ ಆಟವನ್ನು ಒಂದೇ ಸಂಸಾರವೆಂದು ದಾಖಲಾದವರಿಗೆ ಎರಡು ವಾರ ಎರವಲು ಕೊಡುವ ವ್ಯವಸ್ಥೆಯನ್ನು ನಿಂಟೆಂಡೋದವರು ೨೦೨೫ರಲ್ಲಿ ಮಾಡಿದ್ದಾರೆಂದೂ ಅವನು ತಿಳಿಸಿದನು. ಎರಡು ವಾರವಾದೊಡನೆ ಆಟವು ತಾನಾಗಿಯೇ ಒಡೆಯನ ಬಳಿಗೆ ಮರಳುತ್ತದಂತೆ. ನಮ್ಮ ಸಾರ್ವಜನಿಕ ಪುಸ್ತಕಾಲಯದವರು ಕೇಳಿದರೆ ಅಸೂಯೆಪಟ್ಟಾರು! ತಾನಾಗಿ ಮರಳುವ ಎರವಲಿನಲ್ಲಿ ಯಾವ ತಂದೆಯೂ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಲಾರನೆಂದು ನಾವು ಮನಸ್ಸಿನಲ್ಲೇ ಅಂದುಕೊಂಡೆವು.

ಕೊನೆಗೆ ಚುವೊ ರಸ್ತೆಯ ಒಂದು ಅಂಗಡಿಯಲ್ಲಿ, ಅವನ ಯಂತ್ರಕ್ಕೆ ಹೊಂದುವ, ಯಾರೋ ಆಡಿ ಮಾರಿದ್ದ ಆಟವೊಂದನ್ನು ಕೊಂಡೆವು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಚೂರು, ಅದಕ್ಕೊಂದು ಡಬ್ಬಿ. ಹೊಸದಕ್ಕಿಂತ ಸಾವಿರದಷ್ಟು ಯೆನ್ ಕಡಮೆ. ನಮ್ಮ ಮನೆಯವರು ಅದಕ್ಕೆ ಕುಂಕುಮ ಹಚ್ಚದಿದ್ದುದೊಂದು ಬಾಕಿ. ಹುಟ್ಟಿದ ಹಬ್ಬವಾಗಿ ನಾಲ್ಕು ದಿನಕ್ಕೆ ಮೊಮ್ಮಗನು ಅದನ್ನು ಶಾಲೆಯ ಸ್ನೇಹಿತನಿಗೆ ಆಡಲು ಕೊಡುವುದಾಗಿ ಹೇಳಿದಾಗ, ಅವರು ಗಾಬರಿಯಿಂದ, "ಕೊಡು ಮಗು, ಬೇಡವೆನ್ನುವುದಿಲ್ಲ. ಡಬ್ಬಿಯ ಮೇಲೆ ನಿನ್ನ ಹೆಸರು ಬರೆದು ಕೊಡು" ಎಂದರು. "ಹೆಸರು ಬರೆದರೆ ಆಮೇಲೆ ಬೆಲೆ ಇಳಿಯುತ್ತದೆ ಅಜ್ಜಿ" ಎಂದನು ಅವನು. ಸ್ವಲ್ಪ ಹೊತ್ತು ಯೋಚಿಸಿ, ಒಳಗಿನ ಕಾಗದದ ಹಿಂಭಾಗದಲ್ಲಿ, ಕಾಣದಂತೆ, ಕನ್ನಡದಲ್ಲಿ ಬರೆದನು.

ಮೈಸೂರಿಗೆ ಮರಳಿದ ಮಾರನೆಯ ದಿನ ನಾವು ಮಾಡಿದ ಮೊದಲ ಕೆಲಸವೆಂದರೆ ಅಟ್ಟದಿಂದ ಟ್ರಂಕನ್ನು ಇಳಿಸಿದುದು. ಹಳೆಯ ಪಂಚಾಂಗಗಳ ಕೆಳಗೆ ಕ್ಯಾಸೆಟ್ಟು ಹಾಗೆಯೇ ಇತ್ತು. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಎರಡಕ್ಷರ. ಮಗನನ್ನು ಕರೆದು ಅವನ ಕೈಯಲ್ಲಿಟ್ಟು, ಹೇಳಬೇಕಾದುದನ್ನು ಹೇಳಿದೆವು. ಅವನಿಗೀಗ ನಲವತ್ತೆರಡು ವರ್ಷ. ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಭ್ಯಾಸಬಲದಿಂದಲೋ ಏನೋ ಬಾಯಿಂದ ಒಮ್ಮೆ ಊದಿ, "ಇರಲಿ ಬಿಡಿ ಅಪ್ಪ" ಎಂದನು.

ಪಕ್ಕದ ಮನೆಯಲ್ಲಿದ್ದ ಹುಡುಗನು ಈಗ ಹುಬ್ಬಳ್ಳಿಯಲ್ಲಿರುವನೆಂದು ಹಳೆಯ ಪರಿಚಿತರಿಂದ ತಿಳಿದು ಫೋನು ಮಾಡಿದೆವು. ಗುರುತು ಹೇಳಿ, ಕ್ಯಾಸೆಟ್ಟಿನ ವಿಷಯವನ್ನು ವಿವರಿಸಿ, ಅಂಚೆಯಲ್ಲಿ ಕಳುಹಿಸುತ್ತೇವೆ, ಕ್ಷಮಿಸಬೇಕೆಂದು ಕೇಳಿಕೊಂಡೆವು. ಆ ಕಡೆ ಒಂದು ನಿಮಿಷ ಮೌನ. ಬಳಿಕ ದೊಡ್ಡ ನಗು. "ಮೇಷ್ಟ್ರೇ, ಅದು ನನ್ನದಲ್ಲ! ಹಿಂದಿನ ಬೀದಿಯ ಹುಡುಗನದು. ಅದರ ಮೇಲಿನ ಅಕ್ಷರ ಅವನ ಹೆಸರಿನದೂ ಅಲ್ಲ, ಅವನು ಇನ್ಯಾರಿಂದಲೋ ತಂದಿದ್ದ. ನಿಮ್ಮ ಮನೆಯಲ್ಲಿ ಸಿಕ್ಕಿಬಿದ್ದಿದೆ ಎಂದು ಹೇಳಿ ನಾನೂ ತಪ್ಪಿಸಿಕೊಂಡೆ" ಎಂದನು. ಆಮೇಲೆ ನಗುವನ್ನು ನಿಲ್ಲಿಸಿ, "ನಿಮ್ಮ ಮಗ ಹೇಗಿದ್ದಾನೆ? ಅವನ ಹತ್ತಿರ ಮಾತಾಡಿ ಎಷ್ಟು ವರ್ಷವಾಯಿತು!" ಎಂದು ಕೇಳಿದನು.

ಕ್ಯಾಸೆಟ್ಟು ಈಗ ನಮ್ಮ ಗೂಡಿನಲ್ಲಿ, ಟೋಕಿಯೋದಿಂದ ತಂದ ಒಂದು ಗೊಂಬೆಯ ಪಕ್ಕದಲ್ಲಿದೆ; ಅದರ ಒಡೆಯರು ಯಾರೆಂಬುದು ಇನ್ನೂ ಗೊತ್ತಾಗಿಲ್ಲ. ಹುಬ್ಬಳ್ಳಿಯವರಿಗೆ ನಾವು ಕೊಟ್ಟುದು ನಮ್ಮ ಮಗನ ಫೋನಿನ ನಂಬರು ಮಾತ್ರ.